ಮಗು ಆಗದಿದ್ದಾಗ ಗಂಡ-ಹೆಂಡತಿ ನಡುವೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಗು ಆಗುತ್ತಿಲ್ಲ ಎಂದಾಗ ಆಸ್ಪತ್ರೆಯಲ್ಲಿ "ಯಾಕೆ?" ಎಂದು ಕೇಳುತ್ತಾರೆ. ಮನೆಯಲ್ಲಿ "ಯಾರಿಂದ?" ಎಂದು ಕೇಳುತ್ತಾರೆ. ಮದುವೆಗೆ ಪೆಟ್ಟು ಬೀಳುವುದು ಹೆಚ್ಚಾಗಿ ಈ ಎರಡನೇ ಪ್ರಶ್ನೆಯಿಂದ. ಅದಕ್ಕೇ ಇಲ್ಲಿ ಮಾತ್ರೆ, ಇಂಜೆಕ್ಷನ್‌ಗಿಂತ ಮನೆಯೊಳಗಿನ ಮಾತೇ ಜಾಸ್ತಿ. ಚಿಕಿತ್ಸೆಯ ವಿಷಯಕ್ಕೆ ನಿಮ್ಮ ಡಾಕ್ಟರ್ ಇದ್ದೇ ಇದ್ದಾರೆ.

ಮದುವೆಯಾಗಿ ಎಷ್ಟು ಸಮಯ ಕಾದು ಡಾಕ್ಟರ್ ಹತ್ತಿರ ಹೋಗಬೇಕು?

ಗರ್ಭನಿರೋಧಕ ಏನೂ ಬಳಸದೆ, ನಿಯಮಿತವಾಗಿ ಕೂಡಿದ್ದೂ 12 ತಿಂಗಳಲ್ಲಿ ಗರ್ಭ ನಿಲ್ಲದಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬಂಜೆತನ ಎನ್ನುತ್ತದೆ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗುವುದು ಒಳ್ಳೆಯದು. ಮುಟ್ಟು ತೀರಾ ಏರುಪೇರಾಗಿದ್ದರೆ ಕಾಯುವುದೇ ಬೇಡ.

ಆದರೆ ಲೆಕ್ಕ ಹಾಕುವಾಗ ಒಂದು ವಿಷಯ ನೋಡಿ. ಕರಾವಳಿಯಲ್ಲಿ ಗಂಡ ಗಲ್ಫ್‌ನಲ್ಲೋ ಹಡಗಿನಲ್ಲೋ ಇರುವ ಮನೆಗಳು ಬೇಕಾದಷ್ಟಿವೆ. ಮದುವೆಯಾಗಿ ಮೂರು ವರ್ಷ ಎಂದು ಊರೆಲ್ಲ ಎಣಿಸುತ್ತದೆ. ಅವರು ಒಟ್ಟಿಗೆ ಇದ್ದದ್ದು ರಜೆಯ ಮೂರು-ನಾಲ್ಕು ತಿಂಗಳು ಅಷ್ಟೇ. ಬೆಂಗಳೂರಿನಲ್ಲಿ ಒಬ್ಬರಿಗೆ ನೈಟ್ ಶಿಫ್ಟ್, ಇನ್ನೊಬ್ಬರಿಗೆ ಡೇ ಶಿಫ್ಟ್ ಇದ್ದರೂ ಇದೇ ಕತೆ. ಒಟ್ಟಿಗೆ ಇದ್ದ ಕಾಲವನ್ನು ಮಾತ್ರ ಎಣಿಸಿ. "ಏನಾದ್ರೂ ವಿಶೇಷ ಉಂಟಾ?" ಎಂದು ಕೇಳುವವರಿಗೂ ಬೇಕಿದ್ದರೆ ಅದೇ ಲೆಕ್ಕ ಹೇಳಿ.

ನಮಗೆ ಮಾತ್ರ ಹೀಗಾ?

ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ ಪ್ರಕಾರ ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರಿಗೆ ಜೀವನದ ಯಾವುದೋ ಹಂತದಲ್ಲಿ ಈ ತೊಂದರೆ ಬರುತ್ತದೆ. ನಿಮ್ಮ ಬೀದಿಯಲ್ಲೂ ಇದ್ದಾರೆ, ಹೇಳಿಕೊಂಡಿಲ್ಲ ಅಷ್ಟೇ.

ಪ್ರೀತಿ ಇದ್ದರೆ ಸಾಕಲ್ವಾ? ಮಗು ಇಲ್ಲ ಅಂತ ಸಂಸಾರ ಯಾಕೆ ಕೆಡಬೇಕು?

ಪ್ರೀತಿ ಇರುವ ಮನೆಗಳಲ್ಲೂ ಕೆಡುತ್ತದೆ. ಇದು ಒಂದು ಸಲ ಬಂದು ಹೋಗುವ ದುಃಖ ಅಲ್ಲ. ಪ್ರತಿ ತಿಂಗಳು ಆಸೆ ಹುಟ್ಟುತ್ತದೆ, ಪ್ರತಿ ತಿಂಗಳು ಮುಟ್ಟಾಗುತ್ತದೆ. ಯಾರಾದರೂ ತೀರಿಕೊಂಡರೆ ನಾಲ್ಕು ಜನ ಬಂದು ಪಕ್ಕದಲ್ಲಿ ಕೂರುತ್ತಾರೆ. ಹುಟ್ಟದೇ ಇರುವ ಮಗುವಿಗಾಗಿ ಯಾರು ಬರುತ್ತಾರೆ? ಗಂಡ-ಹೆಂಡತಿ ಇಬ್ಬರೇ ಉಳಿಯುತ್ತಾರೆ. ಆ ಇಬ್ಬರ ಅಳುವ ರೀತಿಯೂ ಒಂದೇ ಥರ ಇರುವುದಿಲ್ಲ. ಅವಳಿಗೆ ಅದನ್ನೇ ನಾಲ್ಕು ಸಲ ಮಾತಾಡಬೇಕು. ಅವನು ಆಫೀಸಿನಲ್ಲಿ ಎರಡು ಗಂಟೆ ಜಾಸ್ತಿ ಕೂತು ಬರುತ್ತಾನೆ. "ಇವರಿಗೆ ಏನೂ ಅನ್ನಿಸುವುದೇ ಇಲ್ಲ" ಎಂದು ಅವಳು ಅಂದುಕೊಳ್ಳುತ್ತಾಳೆ. "ಇವಳಿಗೆ ನಾನೊಬ್ಬ ಇದ್ದರೆ ಸಾಲದು" ಎಂದು ಅವನು ಅಂದುಕೊಳ್ಳುತ್ತಾನೆ. ಎರಡೂ ತಪ್ಪು. ಆದರೆ ಬಾಯಿ ಬಿಟ್ಟು ಹೇಳುವವರೆಗೆ ಗೊತ್ತಾಗುವುದು ಹೇಗೆ?

ಎರಡನೇ ಕಾರಣ ದೇಹ. ವೀರ್ಯಾಣು ಕಡಿಮೆ ಇರುವುದು ಗಂಡನಲ್ಲಿ ಎಂದುಕೊಳ್ಳಿ. ಅದಕ್ಕೆ ಮಾಡುವ, ಲ್ಯಾಬ್‌ನಲ್ಲಿ ಒಂದು ವೀರ್ಯಾಣುವನ್ನು ನೇರವಾಗಿ ಅಂಡದೊಳಗೆ ಸೇರಿಸುವ ಇಕ್ಸಿ ಚಿಕಿತ್ಸೆಯಲ್ಲಿ ಹತ್ತು-ಹನ್ನೆರಡು ದಿನ ಹೊಟ್ಟೆಗೆ ಸೂಜಿ ಹಾಕಿಸಿಕೊಳ್ಳುವವಳು ಹೆಂಡತಿ. ಅರಿವಳಿಕೆ ತೆಗೆದುಕೊಂಡು ಅಂಡ ತೆಗೆಸಿಕೊಳ್ಳುವವಳೂ ಅವಳೇ. ಅವನು ಒಂದು ಸ್ಯಾಂಪಲ್ ಕೊಟ್ಟು ಹೊರಗೆ ಕೂರುತ್ತಾನೆ. ಇದು ಯಾರ ತಪ್ಪೂ ಅಲ್ಲ, ವೈದ್ಯವಿಜ್ಞಾನ ಸದ್ಯಕ್ಕೆ ಇರುವುದೇ ಹೀಗೆ. ಆದರೂ ಅವಳೊಳಗೆ ಒಂದು ಸಿಟ್ಟು ಕೂತಿರುತ್ತದೆ. ಅದು ಹಾಲು ಉಕ್ಕಿದ್ದಕ್ಕೋ ಫ್ಯಾನ್ ಆರಿಸದಿದ್ದಕ್ಕೋ ಹೊರಗೆ ಬರುತ್ತದೆ.

ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಎಲ್ಲವನ್ನೂ ಮುಂದಕ್ಕೆ ಹಾಕುವುದು. ಟ್ರಾನ್ಸ್‌ಫರ್ ಮಗು ಆದಮೇಲೆ, ಮನೆ ಬದಲಿಸುವುದು ಮಗು ಆದಮೇಲೆ, ಊಟಿಗೆ ಹೋಗುವುದೂ ಮಗು ಆದಮೇಲೆ. ಐದು ವರ್ಷ ಹೀಗೇ ಕಳೆದರೆ ಇಬ್ಬರಿಗೂ ಹಂಚಿಕೊಳ್ಳಲು ರಿಪೋರ್ಟ್ ಬಿಟ್ಟು ಬೇರೆ ಏನೂ ಇರುವುದಿಲ್ಲ.

1993ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಬಂಜೆತನದ ಚಿಕಿತ್ಸೆಯಲ್ಲಿದ್ದ ಹೆಂಗಸರ ಆತಂಕ ಮತ್ತು ಖಿನ್ನತೆ ಕ್ಯಾನ್ಸರ್ ರೋಗಿಗಳ ಮಟ್ಟದಲ್ಲೇ ಇದ್ದದ್ದು ಕಂಡುಬಂತು. "ಅಷ್ಟಕ್ಕೆಲ್ಲಾ ಅಳ್ತಾರಾ?" ಎನ್ನುವವರಿಗೆ ಇದು ಗೊತ್ತಿರಲಿ.

ಗಂಡ ಟೆಸ್ಟ್ ಮಾಡಿಸಿಕೊಳ್ಳಲು ಒಪ್ಪುತ್ತಿಲ್ಲ. "ನನಗೇನೂ ತೊಂದರೆ ಇಲ್ಲ" ಅಂತಾರೆ. ಏನು ಮಾಡಲಿ?

ಇಡೀ ಪುಟದಲ್ಲಿ ನಾನು ಹಟ ಹಿಡಿದು ಹೇಳುವುದು ಇದೊಂದನ್ನೇ: ಅವರ ಟೆಸ್ಟ್ ಆಗುವವರೆಗೆ ನೀವು ತಿಂಗಳುಗಟ್ಟಲೆ ಮಾತ್ರೆ ನುಂಗಬೇಡಿ.

ಮಗು ಆಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡನ ಕಡೆಯ ಕಾರಣವೂ ಇರುತ್ತದೆ. ಕೆಲವೊಮ್ಮೆ ಅದೊಂದೇ, ಕೆಲವೊಮ್ಮೆ ಇಬ್ಬರದ್ದೂ ಸೇರಿ. ನೋಡಲು ಗಟ್ಟಿಮುಟ್ಟಾಗಿದ್ದಾರೆ, ಸಂಸಾರ ಸರಿಯಾಗಿ ಮಾಡುತ್ತಾರೆ ಎನ್ನುವುದಕ್ಕೂ ವೀರ್ಯಾಣುಗಳ ಸಂಖ್ಯೆಗೂ ಸಂಬಂಧವೇ ಇಲ್ಲ. ಗಂಡಸರ ಹೆದರಿಕೆ ಇರುವುದೇ ಇಲ್ಲಿ. ವೀರ್ಯ ಪರೀಕ್ಷೆ ಎಂದರೆ ಗಂಡಸುತನದ ಪರೀಕ್ಷೆ ಎಂದುಕೊಳ್ಳುತ್ತಾರೆ.

ಹೆಂಡತಿಗೆ ರಕ್ತ ಪರೀಕ್ಷೆ, ಒಳಗಿನಿಂದ ಮಾಡುವ ಸ್ಕ್ಯಾನ್, ಗರ್ಭನಾಳ ತೆರೆದಿದೆಯೇ ಎಂದು ನೋಡುವ ನೋವಿನ ಎಚ್‌ಎಸ್‌ಜಿ ಎಲ್ಲ ಇವೆ. ಗಂಡನದ್ದು ಒಂದು ಡಬ್ಬಿಯಲ್ಲಿ ಮುಗಿಯುತ್ತದೆ. ಎರಡರಿಂದ ಏಳು ದಿನ ವೀರ್ಯ ಹೊರಹೋಗದಂತೆ ಇದ್ದು ಸ್ಯಾಂಪಲ್ ಕೊಡಬೇಕು. ಲ್ಯಾಬ್‌ನಲ್ಲಿ ಮುಜುಗರ ಎನಿಸಿದರೆ ಮನೆಯಿಂದಲೇ ಒಂದು ಗಂಟೆಯೊಳಗೆ ತಲುಪಿಸಬಹುದಾ ಎಂದು ಕೇಳಿ. ಬಹಳ ಕಡೆ ಒಪ್ಪುತ್ತಾರೆ. ಒಂದು ರಿಪೋರ್ಟ್ ಚೆನ್ನಾಗಿಲ್ಲದಿದ್ದರೆ ಅದೇ ಕೊನೆಯಲ್ಲ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಆದ್ದರಿಂದ ಸ್ವಲ್ಪ ಸಮಯ ಬಿಟ್ಟು ಮತ್ತೆ ನೋಡುತ್ತಾರೆ. ಜ್ವರ, ಸಿಗರೇಟು, ಗುಟ್ಕಾ ಎಲ್ಲವೂ ಪರಿಣಾಮ ಬೀರುತ್ತವೆ. ಜಿಮ್‌ನಲ್ಲಿ ಮೈಕಟ್ಟಿಗೆಂದು ಹಾಕಿಸಿಕೊಳ್ಳುವ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಅಂತೂ ವೀರ್ಯಾಣು ತಯಾರಾಗುವುದನ್ನೇ ನಿಲ್ಲಿಸಬಹುದು.

"ನೀವು ಟೆಸ್ಟ್ ಮಾಡಿಸಿ" ಎನ್ನುವ ಬದಲು "ಮೊದಲನೇ ಸಲ ಇಬ್ಬರೂ ಒಟ್ಟಿಗೆ ಹೋಗಿ, ಇಬ್ಬರ ಟೆಸ್ಟೂ ಅವತ್ತೇ ಮುಗಿಸಿಕೊಂಡು ಬರೋಣ" ಎಂದು ಹೇಳಿ ನೋಡಿ. ಅದಕ್ಕೂ ಆಗುವುದಿಲ್ಲ ಎಂದರೆ ಅವರ ಅಣ್ಣನೋ ಭಾವನೋ ಗೆಳೆಯನೋ ಹೇಳಲಿ. ಮಾವನವರ ಮೂಲಕ ಬೇಡ.

ತೊಂದರೆ ಗಂಡನದ್ದು ಎಂದು ಗೊತ್ತಾಯಿತು. "ಮನೆಯಲ್ಲಿ ಹೇಳಬೇಡ" ಅಂತಾರೆ. ಎಲ್ಲರೂ ನನ್ನನ್ನೇ ಅನ್ನುತ್ತಿದ್ದಾರೆ.

ಬಹಳ ಹೆಂಗಸರು ಇದನ್ನು ತ್ಯಾಗ ಎಂದು ನುಂಗಿಕೊಳ್ಳುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ರಿಪೋರ್ಟ್ ಅವರದ್ದು, ಅದನ್ನು ಗುಟ್ಟಾಗಿಡುವ ಹಕ್ಕೂ ಅವರಿಗಿದೆ. ಆದರೆ ಆ ಗುಟ್ಟಿಗೆ ನೀವು ಬೈಗುಳ ತಿನ್ನಬೇಕು ಎಂಬ ನಿಯಮ ಎಲ್ಲೂ ಇಲ್ಲ.

ನಡುವಿನ ದಾರಿ ಇದೆ. ಯಾರ ಹೆಸರನ್ನೂ ಹೇಳದೆ, ಗಂಡನೇ ತನ್ನ ಬಾಯಿಂದ ಒಂದು ಮಾತು ಹೇಳಬೇಕು: "ಅಮ್ಮ, ನಾವಿಬ್ಬರೂ ಡಾಕ್ಟರ್‌ಗೆ ತೋರಿಸ್ತಾ ಇದೀವಿ. ಅವಳೊಬ್ಬಳದ್ದೇ ತೊಂದರೆ ಅಂತ ಯಾರೂ ಮಾತಾಡಬೇಡಿ." ಇದಕ್ಕೆ ರಿಪೋರ್ಟ್ ತೋರಿಸುವ ಅಗತ್ಯವಿಲ್ಲ. ಇಷ್ಟನ್ನೂ ಹೇಳಲಾಗದ ಗಂಡ ಗುಟ್ಟು ಕಾಪಾಡು ಎಂದು ಕೇಳುವುದು ನ್ಯಾಯವೇ?

ಇನ್ನೊಂದು ಮಾತು ಗಂಡಂದಿರಿಗೆ. ವೀರ್ಯದಲ್ಲಿ ವೀರ್ಯಾಣು ಇಲ್ಲವೇ ಇಲ್ಲ ಎಂದು ಬಂದರೂ ಎಲ್ಲ ಮುಗಿಯಿತು ಎಂದಲ್ಲ. ಎಷ್ಟೋ ಸಲ ವೃಷಣದಿಂದಲೇ ನೇರವಾಗಿ ತೆಗೆದು ಇಕ್ಸಿ ಮಾಡುತ್ತಾರೆ. ಹದಿವಯಸ್ಸಿನಲ್ಲಿ ಬಂದ ಗದ್ದಬಾವು ಕೂಡ ಇದಕ್ಕೆ ಕಾರಣವಾಗಬಹುದು. ಹಾಗೆಯೇ ಹೆಂಗಸರಲ್ಲಿ ಯಾವಾಗಲೋ ಸದ್ದಿಲ್ಲದೆ ಬಂದ ಕ್ಷಯ ಗರ್ಭನಾಳವನ್ನು ಮುಚ್ಚಿರಬಹುದು. ಹೀಗಿರುವಾಗ ಯಾರನ್ನು ದೂರುತ್ತೀರಿ? ಕೆಲವು ಜೋಡಿಗಳಲ್ಲಿ ಎಲ್ಲ ಪರೀಕ್ಷೆ ಮಾಡಿದರೂ ಕಾರಣವೇ ಸಿಗುವುದಿಲ್ಲ.

ಅತ್ತೆ ದಿನಾ ಚುಚ್ಚುತ್ತಾರೆ. ಗಂಡ ಕೇಳಿಯೂ ಕೇಳದ ಹಾಗೆ ಇರುತ್ತಾರೆ.

ಅತ್ತೆಯ ಮಾತಿಗಿಂತ ಗಂಡನ ಮೌನ ಹೆಚ್ಚು ನೋಯಿಸುತ್ತದೆ. ಅದನ್ನು ಅವರಿಗೆ ನೇರವಾಗಿ ಹೇಳಿ. ಸಿಟ್ಟಿನಲ್ಲಿದ್ದಾಗ ಬೇಡ. ಇಂಥ ದಿನ, ಇಂಥ ಮಾತು ಎಂದು ಒಂದು ಉದಾಹರಣೆ ಹಿಡಿದು ಹೇಳಿ. "ನಿಮ್ಮಮ್ಮ ಯಾವಾಗಲೂ" ಎಂದು ಶುರು ಮಾಡಿದರೆ ಅವರು ಅಮ್ಮನ ವಕೀಲರಾಗಿಬಿಡುತ್ತಾರೆ.

ನಮ್ಮ ಕಡೆ ಸೋದರಮಾವ, ಸೋದರತ್ತೆಯ ಸಂಬಂಧದಲ್ಲೇ ಮದುವೆಯಾದವರ ಕಷ್ಟ ಬೇರೆ. ಅತ್ತೆ ಎಂದರೆ ಸ್ವಂತ ಅಪ್ಪನ ಅಕ್ಕ. ಬೇಜಾರಾಗಿ ತವರಿಗೆ ಹೋದರೆ ಅಲ್ಲೂ ಅದೇ ಮಾತು. ಇಂಥ ಕಡೆ ಎರಡೂ ಮನೆಯನ್ನು ಬಲ್ಲ ಒಬ್ಬ ಹಿರಿಯರನ್ನು ಹಿಡಿಯುವುದು ವಾಸಿ.

ಮಾತು ಮೀರಿದರೆ ಕಾನೂನೂ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಮಾತಿನ ಹಿಂಸೆ ಎಂದರೆ ಏನು ಎಂದು ವಿವರಿಸುವಾಗ, ಮಗು ಇಲ್ಲ ಅಥವಾ ಗಂಡು ಮಗು ಇಲ್ಲ ಎಂದು ಅವಮಾನಿಸುವುದು, ಗೇಲಿ ಮಾಡುವುದು ಎಂದು ಹೆಸರಿಟ್ಟೇ ಬರೆದಿದ್ದಾರೆ. ಹೊಡೆದರೆ ಮಾತ್ರ ದೌರ್ಜನ್ಯ ಎಂದುಕೊಂಡವರೇ ಜಾಸ್ತಿ. ಗಂಡನ ಮನೆಯಿಂದ ಹೊರಹಾಕುತ್ತೇವೆ ಎಂದು ಹೆದರಿಸಿದರೆ, ಅಲ್ಲೇ ವಾಸಿಸುವ ಹಕ್ಕನ್ನೂ ಇದೇ ಕಾಯ್ದೆ ಕೊಡುತ್ತದೆ. ಮಹಿಳಾ ಸಹಾಯವಾಣಿ 181.

ನಾದಿನಿಯ ಸೀಮಂತ, ಗೆಳತಿಯ ಮಗುವಿನ ನಾಮಕರಣ. ಹೋಗಲೇಬೇಕಾ?

ಬೇಕಿಲ್ಲ. ಉಡುಗೊರೆ ಕಳಿಸಿ, ಫೋನ್ ಮಾಡಿ ಹರಸಿ. ಹೋಗದೆ ಆಗುವುದಿಲ್ಲ ಎಂದರೆ ಊಟದ ಹೊತ್ತಿಗೆ ಹೋಗಿ, ಊಟ ಮುಗಿಸಿ ಬನ್ನಿ. ಹೊರಡುವ ಸಮಯವನ್ನು ಇಬ್ಬರೂ ಮೊದಲೇ ಮಾತಾಡಿಕೊಂಡಿರಿ. ಇನ್ನು, ಮಕ್ಕಳಾಗದವಳು ಆರತಿ ಎತ್ತಬಾರದು ಎಂದು ಪಕ್ಕಕ್ಕೆ ನಿಲ್ಲಿಸುವ ಮನೆ ಇದ್ದರೆ, ಅಲ್ಲಿಂದ ಗಂಡ-ಹೆಂಡತಿ ಇಬ್ಬರೂ ಒಟ್ಟಿಗೆ ಎದ್ದು ಬರಬೇಕು. ಅವಳೊಬ್ಬಳೇ ಎದ್ದರೆ ಅದಕ್ಕೆ ಸೊಕ್ಕು ಎಂದು ಹೆಸರು ಬರುತ್ತದೆ.

ಡಾಕ್ಟರ್ ಹೇಳಿದ ದಿನವೇ ಸೇರಬೇಕು ಅಂದಾಗಿಂದ ಹತ್ತಿರ ಬರುವುದೇ ಬೇಡ ಅನ್ನಿಸುತ್ತಿದೆ.

ಇದು ತುಂಬಾ ಸಾಮಾನ್ಯ. ಇಂಥ ದಿನ, ಇಂಥ ರಾತ್ರಿ ಎಂದು ನಿಗದಿಯಾದ ಮೇಲೆ ಅದು ಡ್ಯೂಟಿ ಆಗಿಬಿಡುತ್ತದೆ. ಸರಿಯಾಗಿ ಅದೇ ರಾತ್ರಿ ಗಂಡನಿಗೆ ಆಗದೇ ಹೋಗಬಹುದು. ಅವನು ನಾಚುತ್ತಾನೆ, ಅವಳು ಒಂದು ತಿಂಗಳು ಹಾಳಾಯಿತು ಎಂದು ಅಳುತ್ತಾಳೆ.

ನೆನಪಿಡಬೇಕಾದದ್ದು ಇಷ್ಟು. ಗರ್ಭ ನಿಲ್ಲಬಹುದಾದ ಅವಧಿ ಒಂದು ರಾತ್ರಿ ಅಲ್ಲ, ಅಂಡ ಬಿಡುಗಡೆಯಾಗುವ ದಿನವೂ ಸೇರಿ ಅದಕ್ಕೆ ಮುಂಚಿನ ಸುಮಾರು ಆರು ದಿನ. ಸ್ಕ್ಯಾನ್ ಮಾಡಿ ದಿನ ಹೇಳುವ ಚಿಕಿತ್ಸೆಯಲ್ಲಿ ಇಲ್ಲದವರು ತಿಂಗಳಿಡೀ ಎರಡು-ಮೂರು ದಿನಕ್ಕೊಮ್ಮೆ ಸೇರಿದರೆ ಸಾಕು, ಕ್ಯಾಲೆಂಡರ್ ಬೇಡ. ದಿನ ನಿಗದಿಯಾಗಿರುವವರು ಉಳಿದ ದಿನಗಳಲ್ಲಿ ಮಗುವಿನ ಯೋಚನೆ ಇಲ್ಲದೆಯೂ ಹತ್ತಿರ ಇರಿ. ಹೆಗಲ ಮೇಲೆ ಕೈ ಹಾಕಿ ಟಿವಿ ನೋಡುವುದೂ ಲೆಕ್ಕಕ್ಕೆ ಬರುತ್ತದೆ. ಒತ್ತಾಯದಿಂದ ಮಾತ್ರ ಬೇಡ. ತೊಂದರೆ ಮುಂದುವರಿದರೆ ಡಾಕ್ಟರ್‌ಗೆ ಮುಚ್ಚಿಡದೆ ಹೇಳಿ.

"ಟೆನ್ಷನ್ ಬಿಡಿ, ತಾನಾಗೇ ಆಗುತ್ತೆ" ಅಂತಾರೆ. ನಿಜವಾ?

ಈ ಮಾತು ಕೇಳಿ ಟೆನ್ಷನ್ ಬಿಟ್ಟವರು ಯಾರೂ ಇಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2011ರಲ್ಲಿ ಬಂದ ವಿಶ್ಲೇಷಣೆಯೊಂದು 14 ಅಧ್ಯಯನಗಳ 3,583 ಹೆಂಗಸರ ಮಾಹಿತಿಯನ್ನು ಒಟ್ಟುಮಾಡಿ ನೋಡಿತು. ಅಂಡ ಮತ್ತು ವೀರ್ಯಾಣುವನ್ನು ದೇಹದ ಹೊರಗೆ ಲ್ಯಾಬ್‌ನಲ್ಲಿ ಸೇರಿಸುವ ಐವಿಎಫ್‌ನಂಥ ಚಿಕಿತ್ಸೆಗೆ ಮೊದಲು ಇದ್ದ ಚಿಂತೆಯಿಂದ ಗರ್ಭ ನಿಲ್ಲುವ ಸಾಧ್ಯತೆಗೆ ಪೆಟ್ಟು ಬೀಳುವುದಿಲ್ಲ ಎಂದು ತೀರ್ಮಾನಿಸಿತು. ಮನಸ್ಸು ಹಗುರವಾಗಿದ್ದರೆ ನಿಮಗೆ ಒಳ್ಳೆಯದು, ನಿಜ. ಆದರೆ ಅತ್ತಿದ್ದರಿಂದಲೇ ಮಗು ಆಗಲಿಲ್ಲ ಎಂದು ಹೆಂಡತಿಯ ತಲೆಗೆ ಕಟ್ಟಬೇಡಿ.

ಅವಳಿಗೆ ಹರಕೆ, ಪೂಜೆ ಮೇಲೆ ನಂಬಿಕೆ. ನನಗೆ ಇಲ್ಲ. ಇದೇ ಜಗಳ.

ಕುಕ್ಕೆಯಲ್ಲಿ ಸರ್ಪಸಂಸ್ಕಾರ, ಘಾಟಿ ಸುಬ್ರಹ್ಮಣ್ಯ, ವಿದುರಾಶ್ವತ್ಥದಲ್ಲಿ ನಾಗರಕಲ್ಲು, ಚನ್ನಪಟ್ಟಣದ ಹತ್ತಿರ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು. ಎಲ್ಲಿಗೆ ಹೋದರೂ ನಿಮ್ಮಂಥ ಜೋಡಿಗಳು ಸಿಗುತ್ತಾರೆ. ನಂಬಿಕೆ ಇಲ್ಲದಿದ್ದರೂ ಜೊತೆಗೆ ಹೋಗಿ ಬನ್ನಿ. ಎರಡು ದಿನ ಮನೆಯಿಂದ ಹೊರಗಿದ್ದ ಹಾಗಾಗುತ್ತದೆ. ಆದರೆ ಸ್ಕ್ಯಾನ್ ದಿನ ಮತ್ತು ಪೂಜೆ ದಿನ ಒಂದೇ ಆದರೆ ಸ್ಕ್ಯಾನ್‌ಗೆ ಹೋಗಿ. ದೇವರು ಮುಂದಿನ ವಾರವೂ ಅಲ್ಲೇ ಇರುತ್ತಾನೆ, ಅಂಡ ಇರುವುದಿಲ್ಲ. ಒಳಗೆ ಏನಿದೆ ಎಂದು ಹೇಳದೆ ಕೊಡುವ ಪುಡಿ, ಲೇಹ್ಯ ಮಾತ್ರ ಯಾರು ಕೊಟ್ಟರೂ ಬೇಡ. ಜಾತಕದಲ್ಲಿ ಇವಳಿಗೇ ಸಂತಾನಯೋಗ ಇಲ್ಲ ಎಂದು ಹೇಳಿಸಿಕೊಂಡು ಬರುವುದು ಇನ್ನೂ ಬೇಡ. ಅದು "ಯಾರಿಂದ?" ಎಂಬ ಪ್ರಶ್ನೆಯೇ, ಬೇರೆ ಅಂಗಿ ಹಾಕಿಕೊಂಡು ಬಂದಿದೆ ಅಷ್ಟೇ.

ಐವಿಎಫ್‌ಗೆ ಸಾಲ ಮಾಡಿದ್ದೇವೆ. ಈಗ ದುಡ್ಡಿನದ್ದೇ ಜಗಳ.

ಖಾಸಗಿ ಆಸ್ಪತ್ರೆಗಳಲ್ಲಿ ಐವಿಎಫ್‌ನ ಒಂದು ಸುತ್ತಿಗೆ ಲಕ್ಷ ದಾಟುವುದು ಮಾಮೂಲು. ಹೆಚ್ಚಿನ ವಿಮೆಗಳು ಇದನ್ನು ಕೊಡುವುದಿಲ್ಲ. 35ರ ಒಳಗಿನವರಲ್ಲೂ ಮೊದಲ ಸಲವೇ ಆಗುತ್ತದೆ ಎಂದು ಯಾರೂ ಬರೆದುಕೊಡಲಾರರು. 40ರ ನಂತರ ಸ್ವಂತ ಅಂಡದಿಂದ ಸಾಧ್ಯತೆ ಬಹಳ ಇಳಿಯುತ್ತದೆ.

ಜಗಳ ಆಗುವುದು ಖರ್ಚಾದ ದುಡ್ಡಿಗಿಂತ, ಯಾರ ಒಡವೆ ಅಡವಿಟ್ಟರು, ಯಾರ ಅಪ್ಪ ಕೊಟ್ಟರು ಎಂಬುದರ ಮೇಲೆ. ಹಾಗಾಗಿ ಶುರು ಮಾಡುವ ಮೊದಲೇ ಇಬ್ಬರೂ ಕೂತು ಎರಡು ಸಂಖ್ಯೆ ಬರೆದಿಡಿ: ಒಟ್ಟು ಎಷ್ಟು ಖರ್ಚು ಮಾಡಬಲ್ಲಿರಿ, ಎಷ್ಟು ಸಲ ಪ್ರಯತ್ನಿಸುತ್ತೀರಿ. ಆಮೇಲೆ ಬದಲಿಸಬೇಕಾದರೆ ಇಬ್ಬರೂ ಒಪ್ಪಿ ಬದಲಿಸಿ. ಪ್ಯಾಕೇಜ್ ಬೆಲೆಯಲ್ಲಿ ಇಂಜೆಕ್ಷನ್, ಭ್ರೂಣ ಶೇಖರಣೆ ಸೇರಿದೆಯಾ ಎಂದು ಕೇಳುವುದನ್ನು ಮರೆಯಬೇಡಿ. ತವರಿನ ದುಡ್ಡು ಬಂದರೆ ಅದಕ್ಕೂ ಲೆಕ್ಕ ಇಡಿ.

ನನಗೆ ಸಾಕಾಗಿದೆ. ಅವರಿಗೆ ಇನ್ನೊಂದು ಸಲ ಬೇಕು.

ಸೂಜಿ ಹಾಕಿಸಿಕೊಳ್ಳುವವರ "ಸಾಕು" ಎಂಬ ಮಾತಿಗೆ ಹೆಚ್ಚು ತೂಕ ಇರಬೇಕು ಎನ್ನುವುದು ನನ್ನ ಅಭಿಪ್ರಾಯ. ಕಾನೂನೂ ಒತ್ತಾಯವನ್ನು ಒಪ್ಪುವುದಿಲ್ಲ. 2021ರಲ್ಲಿ ಬಂದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಲಿಖಿತ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಮಾಡುವಂತಿಲ್ಲ ಎನ್ನುತ್ತದೆ. ಭ್ರೂಣವನ್ನು ಗರ್ಭಕ್ಕೆ ಹಾಕುವ ಮೊದಲು ಒಪ್ಪಿಗೆ ಹಿಂಪಡೆಯಬಹುದು. ಸಾಧ್ಯತೆ ಎಷ್ಟು, ಅಪಾಯ ಏನು ಎಂದು ಆಪ್ತಸಮಾಲೋಚನೆ ಕೊಡುವುದು ಆಸ್ಪತ್ರೆಯ ಕರ್ತವ್ಯ. ಅದನ್ನು ಕೇಳಿ ಪಡೆಯಿರಿ. ಹೆಂಡತಿಗೆ 50, ಗಂಡನಿಗೆ 55 ಎಂಬ ವಯಸ್ಸಿನ ಮಿತಿಯೂ ಇದೇ ಕಾಯ್ದೆಯಲ್ಲಿದೆ.

ನಿಲ್ಲಿಸಬೇಕು ಎನ್ನುವವರು ಪ್ರೀತಿ ಕಡಿಮೆ ಇರುವವರಲ್ಲ. ಆರು ತಿಂಗಳು ಬಿಡುವು ಕೊಟ್ಟು ನೋಡೋಣ ಎಂದರೆ ಎಷ್ಟೋ ಸಲ ಇಬ್ಬರೂ ಒಪ್ಪುತ್ತಾರೆ. ವಯಸ್ಸು ಜಾಸ್ತಿಯಾಗಿದ್ದರೆ ಮಾತ್ರ ಡಾಕ್ಟರ್‌ನ ಕೇಳಿ ಬಿಡುವು ತೆಗೆದುಕೊಳ್ಳಿ.

ದಾನಿಯ ವೀರ್ಯ ಅಥವಾ ಅಂಡ ಬಳಸಿದರೆ ಮುಂದೆ "ನಿನ್ನ ಮಗು, ನನ್ನದಲ್ಲ" ಎಂದು ಬರುವುದಿಲ್ವಾ?

ಕಾನೂನಿನಲ್ಲಿ ಬರುವುದಿಲ್ಲ. ಹಾಗೆ ಹುಟ್ಟಿದ ಮಗು ಆ ದಂಪತಿಯದ್ದೇ, ಆಸ್ತಿಯ ಹಕ್ಕೂ ಸಮ. ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ. ಆದರೆ ಒಬ್ಬರು ಮನಸ್ಸಿಲ್ಲದೆ ಸಹಿ ಹಾಕಿದ್ದರೆ ಜಗಳದ ದಿನ ಆ ಮಾತು ಬಂದೇ ಬರುತ್ತದೆ. ಅದಕ್ಕೇ ಅವಸರ ಬೇಡ. ಮಗುವಿಗೆ ಮುಂದೆ ಹೇಳುತ್ತೀರಾ ಇಲ್ಲವಾ ಎನ್ನುವುದನ್ನೂ ಈಗಲೇ ಮಾತಾಡಿ.

ದತ್ತು ತೆಗೆದುಕೊಂಡರೆ ಎಲ್ಲ ಸರಿಹೋಗುತ್ತಾ?

ಬಿರುಕು ಬಿಟ್ಟ ಮದುವೆಯನ್ನು ಸರಿಮಾಡುವ ಕೆಲಸವನ್ನು ಮಗುವಿಗೆ ಕೊಡಬಾರದು, ಹೆತ್ತ ಮಗುವಾದರೂ ಸರಿ, ದತ್ತು ಮಗುವಾದರೂ ಸರಿ. ದತ್ತು ಬೇಕೆಂದು ಇಬ್ಬರಿಗೂ ಅನ್ನಿಸಿದ್ದರೆ ಕೇಂದ್ರ ಸರ್ಕಾರದ ಕಾರಾ ಸಂಸ್ಥೆಯ ಪೋರ್ಟಲ್‌ನಲ್ಲಿ ನೋಂದಾಯಿಸಿ. ಮದುವೆಯಾಗಿ ಎರಡು ವರ್ಷವಾದರೂ ಆಗಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು. ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ-ಹೆಂಡತಿಯ ವಯಸ್ಸು ಕೂಡಿಸಿದರೆ 85 ದಾಟಬಾರದು. ಸರದಿ ಬರಲು ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಐವಿಎಫ್ ಎಲ್ಲ ಮುಗಿದ ಮೇಲೆ ನೋಡೋಣ ಎಂದು ಕೂತರೆ ವಯಸ್ಸಿನ ಮಿತಿ ಮೀರುತ್ತದೆ.

ಮೈದುನನ ಮಗುವನ್ನೇ ಸಾಕಿಕೊಳ್ಳಿ ಎಂದು ಮನೆಯವರು ಹೇಳುವುದುಂಟು. ಬಾಯಿಮಾತಿನಲ್ಲಿ ಬೇಡ, ಕಾಗದಪತ್ರ ಮಾಡಿಸಿ. ಹಿಂದೂ ದತ್ತಕ ಕಾಯ್ದೆಯಲ್ಲೂ ಹೆಂಡತಿಯ ಒಪ್ಪಿಗೆ ಇಲ್ಲದೆ ಗಂಡ ದತ್ತು ತೆಗೆದುಕೊಳ್ಳುವಂತಿಲ್ಲ.

"ಇನ್ನೊಂದು ಮದುವೆ ಮಾಡಿಸ್ತೀವಿ" ಎಂದು ಅತ್ತೆ-ಮಾವ ಹೇಳುತ್ತಿದ್ದಾರೆ.

ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಮೊದಲ ಹೆಂಡತಿ ಇರುವಾಗ, ವಿಚ್ಛೇದನ ಆಗದೆ, ಎರಡನೇ ಮದುವೆ ಅನೂರ್ಜಿತ. ಅಪರಾಧವೂ ಹೌದು, ಏಳು ವರ್ಷದವರೆಗೆ ಶಿಕ್ಷೆ ಇದೆ. "ಹೆಂಡತಿಯೇ ಒಪ್ಪಿ ಸಹಿ ಹಾಕಿದ್ದಾಳೆ" ಎನ್ನುವುದು ಅಲ್ಲಿ ನಡೆಯುವುದಿಲ್ಲ. ಹೀಗಾಗಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಮಗು ಆಗಿಲ್ಲ ಎನ್ನುವುದು ಈ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಕಾರಣವೂ ಅಲ್ಲ. ನಪುಂಸಕತ್ವದಿಂದ ದೇಹ ಸಂಬಂಧವೇ ನಡೆಯದಿದ್ದರೆ ಮದುವೆ ರದ್ದು ಕೇಳಬಹುದು, ಆದರೆ ಅದು ಬೇರೆ ವಿಷಯ. ಜನ ಎರಡನ್ನೂ ಬೆರೆಸಿ ಹೆದರಿಸುತ್ತಾರೆ.

ಮಕ್ಕಳಿಲ್ಲದೆ ಇಬ್ಬರೇ ಇರೋಣ ಎಂದು ತೀರ್ಮಾನಿಸಿದರೆ?

ಇರಬಹುದು. ಈ ಮಾತು ಬಂದ ಕೂಡಲೇ ಎಲ್ಲರೂ ಸಾಲುಮರದ ತಿಮ್ಮಕ್ಕನವರ ಹೆಸರು ಎತ್ತುತ್ತಾರೆ. ಹುಲಿಕಲ್-ಕುದೂರು ರಸ್ತೆಯ ಆಲದ ಮರಗಳು, 2019ರ ಪದ್ಮಶ್ರೀ ಎಲ್ಲ ಗೊತ್ತಿರುವುದೇ. ಆದರೆ ಆ ಗಿಡಗಳಿಗೆ ಅವರ ಜೊತೆ ನೀರು ಹೊತ್ತ ಗಂಡ ಚಿಕ್ಕಯ್ಯನವರನ್ನು ನೆನೆಸುವವರು ಕಡಿಮೆ. ನನಗೆ ಆ ಕತೆಯಲ್ಲಿ ಹಿಡಿಸುವುದು ಅದೇ. ಹಾಗಂತ ನೀವೂ ಏನೋ ದೊಡ್ಡದನ್ನು ಸಾಧಿಸಿ ತೋರಿಸಬೇಕಿಲ್ಲ. ಸುಮ್ನೆ ಚೆನ್ನಾಗಿ ಬದುಕಿದರೂ ಆಯಿತು. ಆಸ್ತಿ ಯಾರಿಗೆ, ವಯಸ್ಸಾದಾಗ ಯಾರು ಎಂಬುದಕ್ಕೆ ವಿಲ್, ಉಳಿತಾಯ, ವಿಮೆ ಮಾಡಿಡಿ.

ಯಾರ ಹತ್ತಿರ ಮಾತಾಡೋದು? ಮನೆಯಲ್ಲಿ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತೆ.

ಟೆಲಿ ಮಾನಸ್ ಸಹಾಯವಾಣಿ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೆಸರಾಂತ ನಿಮ್ಹಾನ್ಸ್ ಇದರ ಹಿಂದಿದೆ. ಗಂಡಸರೂ ಮಾಡಿ. "ಗಂಡಸಾಗಿ ಅಳೋದಾ" ಎಂದು ಕೇಳಿಸಿಕೊಂಡು ಬೆಳೆದವರಿಗೆ ಮುಖ ಕಾಣದ ಒಬ್ಬರ ಹತ್ತಿರ ಹೇಳುವುದು ಸುಲಭ. ಬದುಕೇ ಬೇಡ ಎಂಬ ಯೋಚನೆ ಬಂದರೆ ನಾಳೆಗೆ ಕಾಯದೆ ಕರೆ ಮಾಡಿ, ಪಕ್ಕದಲ್ಲಿರುವವರಿಗೂ ಹೇಳಿ.

ನನ್ನ ತಮ್ಮನಿಗೆ ಮಗು ಆಗಿಲ್ಲ. ಕೇಳಿದರೂ ಕಷ್ಟ, ಕೇಳದಿದ್ದರೂ ಕಷ್ಟ. ನಾನೇನು ಮಾಡಲಿ?

"ಹೇಳಬೇಕು ಅನ್ನಿಸಿದಾಗ ಹೇಳು" ಎಂದು ಒಂದೇ ಸಲ ಹೇಳಿ ಬಿಟ್ಟುಬಿಡಿ. ಯಾರೋ ಹತ್ತು ವರ್ಷದ ಮೇಲೆ ಬಸುರಾದ ಕತೆ ಬೇಡ. ನೀವೇ ಬಸುರಾದರೆ ಎಲ್ಲರೆದುರು ಹೇಳುವ ಮೊದಲು ತಮ್ಮನ ಹೆಂಡತಿಗೆ ಮೆಸೇಜ್ ಮಾಡಿ, ಅಳಲು ಅವಳಿಗೆ ಸ್ವಲ್ಪ ಸಮಯ ಸಿಗಲಿ. ಅಂಡ ತೆಗೆಯುವ ದಿನ ರಾತ್ರಿ ಊಟ ಕಳಿಸಿ. ಅಮ್ಮ ಮಾತು ಶುರು ಮಾಡಿದಾಗ ತಮ್ಮನಿಗೆ ಬಾಯಿ ಬರುತ್ತಿಲ್ಲ ಎಂದರೆ ನೀವು ತಡೆಯಿರಿ. ಮಗಳು ಹೇಳಿದರೆ ಅಮ್ಮ ಕೇಳುತ್ತಾರೆ.